ಯಂತ್ರದೊಂದಿಗೆ ಜೊತೆಯಾಟ

2017ರ ಮಾರ್ಚ್ 7, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. 188 ರನ್‌ಗಳ ಗುರಿ ಬೆನ್ನಟ್ಟಿದ್ದ ಆಸ್ಟ್ರೇಲಿಯಾದ ನಾಯಕ ಸ್ಟೀವ್ ಸ್ಮಿತ್‌ಗೆ ಉಮೇಶ್ ಯಾದವ್ ಎಸೆದ ಚೆಂಡು ಪುಟಿಯದೆ ನೆಲ ಸವರಿಕೊಂಡು ಬಂದು ಪ್ಯಾಡಿಗೆ ಬಡಿಯಿತು. ಅಂಪೈರ್ ಔಟ್ ಕೊಟ್ಟರು. ಸ್ಮಿತ್ ಎದುರು ತುದಿಯಲ್ಲಿದ್ದ ಪೀಟರ್ ಹ್ಯಾಂಡ್ಸ್‌ಕಾಂಬ್ ಜೊತೆ ಎರಡು ಮಾತಾಡಿದವರೇ ತಿರುಗಿ ಡ್ರೆಸಿಂಗ್ ರೂಮಿನತ್ತ ನೋಡಿದರು. ರಿವ್ಯೂ ಕೇಳಲೋ ಬೇಡವೋ ಎಂದು ಅಲ್ಲಿಂದ ಒಂದು ಸನ್ನೆ ಬೇಕಿತ್ತು. ಅಂಪೈರ್ ನೈಜೆಲ್ ಲಾಂಗ್ ನಡುವೆ ಬಂದು ತಡೆದರು. ವಿರಾಟ್ ಕೊಹ್ಲಿ ಕೆಂಡಾಮಂಡಲವಾದರು. ಸ್ಮಿತ್ ಪೆವಿಲಿಯನ್ ದಾರಿ ಹಿಡಿದರು, ಭಾರತ 75 ರನ್‌ಗಳಿಂದ ಗೆದ್ದಿತು.

ಡ್ರೆಸಿಂಗ್ ರೂಮಿನಲ್ಲಿ ಟಿವಿ ಇರುತ್ತದೆ, ಮರುಪ್ರಸಾರ ಕಾಣುತ್ತದೆ. ಅಲ್ಲಿಂದ ಸಲಹೆ ಪಡೆದರೆ ತೀರ್ಪು ಹೆಚ್ಚು ನಿಖರವಾದೀತು ತಾನೇ? ಹಾಗಿದ್ದರೂ ನಿಯಮ ಅದನ್ನು ಒಪ್ಪುವುದಿಲ್ಲ. ಯಂತ್ರವನ್ನು ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಅಂಗಳದಲ್ಲಿ ನಿಂತವರದ್ದು. ಅವರು ಅದನ್ನು ಹದಿನೈದು ಸೆಕೆಂಡಿನೊಳಗೆ, ಹೊರಗಿನವರ ನೆರವಿಲ್ಲದೆ ಮಾಡಬೇಕು. ಹಾಗೆ ಕರೆಯಲು ಇರುವ ಅವಕಾಶಗಳೂ ಎಣಿಕೆಯವು.

ಮನುಷ್ಯ ಮತ್ತು ಬುದ್ಧಿವಂತ ಯಂತ್ರ ಒಂದೇ ತಂಡದಲ್ಲಿ ದುಡಿಯುವುದು ಹೇಗೆ ಎಂಬ ಚರ್ಚೆ ಈಗ ಐಟಿ ಕಂಪನಿಗಳಿಂದ ಹಿಡಿದು ನ್ಯಾಯಾಲಯಗಳವರೆಗೆ ನಡೆದಿದೆ. ಅಲ್ಲಿ ಕ್ರಿಕೆಟ್ಟಿನ ಹೆಸರು ಕೇಳಿಬರುವುದು ಅಪರೂಪ. ಆದರೆ ಈ ಪ್ರಶ್ನೆಯನ್ನು ಎಲ್ಲರ ಕಣ್ಣೆದುರು, ಕೋಟಿಗಟ್ಟಲೆ ಜನರ ಬೈಗುಳ ಕೇಳಿಕೊಂಡು, ವರ್ಷಗಟ್ಟಲೆ ತಿದ್ದುತ್ತ ಬಂದ ಕ್ಷೇತ್ರ ಇನ್ನೊಂದು ಸಿಗುವುದು ಕಷ್ಟ. ಯಂತ್ರ ಎಷ್ಟು ಜಾಣ, ಮನುಷ್ಯ ಎಷ್ಟು ನುರಿತವ ಎಂಬುದಕ್ಕಿಂತ, ಯಾರ ಮಾತು ಎಲ್ಲಿಗೆ ನಿಲ್ಲಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದಾರೆಯೇ ಎಂಬುದರ ಮೇಲೆ ಇಂಥ ತಂಡದ ಹಣೆಬರಹ ನಿಂತಿರುತ್ತದೆ. ಅಂಪೈರ್ ತೀರ್ಪನ್ನು ಕ್ಯಾಮೆರಾಗಳ ನೆರವಿನಿಂದ ಮರುಪರಿಶೀಲಿಸುವ ಪದ್ಧತಿಯಾದ ಡಿಆರ್‌ಎಸ್ ಚರಿತ್ರೆ ಅದಕ್ಕೆ ಒಳ್ಳೆಯ ಸಾಕ್ಷಿ.

ಆ ಚರಿತ್ರೆಯ ಉದ್ದಕ್ಕೂ ಬೆಂಗಳೂರಿನ ಒಬ್ಬರು ಕಾಣಿಸಿಕೊಳ್ಳುತ್ತಾರೆ. 2008ರಲ್ಲಿ ಶ್ರೀಲಂಕಾದಲ್ಲಿ ಟೆಸ್ಟ್ ಕ್ರಿಕೆಟ್ ಮೊದಲ ಬಾರಿಗೆ ಈ ಪದ್ಧತಿಯನ್ನು ಪ್ರಯೋಗಕ್ಕೆ ಇಳಿಸಿದಾಗ ಭಾರತದ ನಾಯಕ ಅನಿಲ್ ಕುಂಬ್ಳೆ. ಮೂರು ಟೆಸ್ಟ್‌ಗಳ ಆ ಸರಣಿಯಲ್ಲಿ ರಿವ್ಯೂ ಶ್ರೀಲಂಕಾಕ್ಕೆ 11 ಬಾರಿ ಫಲ ಕೊಟ್ಟಿತು, ಭಾರತಕ್ಕೆ ಒಂದೇ ಒಂದು ಬಾರಿ. ಎರಡೂ ತಂಡಗಳಿಗೆ ಇದ್ದದ್ದು ಅವೇ ಕ್ಯಾಮೆರಾ, ಅದೇ ನಿಯಮ. ಯಾವಾಗ ಕೇಳಬೇಕು ಎಂಬುದು ಒಬ್ಬರಿಗೆ ಒಲಿಯಿತು, ಇನ್ನೊಬ್ಬರಿಗೆ ಒಲಿಯಲಿಲ್ಲ. ಮುಂದಿನ ಎಂಟು ವರ್ಷ ಭಾರತೀಯ ಮಂಡಳಿ ಈ ಪದ್ಧತಿಯ ಬಗ್ಗೆ ಮುಖ ಸಿಂಡರಿಸಿಕೊಂಡೇ ಇತ್ತು. 2016ರ ನವೆಂಬರಿನಲ್ಲಿ ರಾಜ್‌ಕೋಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕೊನೆಗೂ ಒಪ್ಪಿಕೊಂಡಾಗ ಕುಂಬ್ಳೆ ತಂಡದ ಕೋಚ್. ಜೊತೆಗೆ 2012ರಿಂದ 2021ರವರೆಗೆ ಐಸಿಸಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರೂ ಅವರೇ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಲೆಗ್ ಸ್ಪಿನ್ನರ್ ಈ ಕುರ್ಚಿಯಲ್ಲಿ ಕೂತದ್ದು ಕ್ರಿಕೆಟ್ಟಿನ ಅದೃಷ್ಟವೆನ್ನಬೇಕು.

ಎಲ್ಲರೂ ಬೈಯುವ ‘ಅಂಪೈರ್ಸ್ ಕಾಲ್’ ವಿಷಯಕ್ಕೆ ಬರೋಣ. ಚೆಂಡು ಬೌಲರ್ ಕೈಬಿಟ್ಟಲ್ಲಿಂದ ಪ್ಯಾಡಿಗೆ ತಾಗುವವರೆಗಿನ ದಾರಿಯನ್ನು ಕ್ಯಾಮೆರಾಗಳು ನಿಜಕ್ಕೂ ಕಂಡಿರುತ್ತವೆ. ಪ್ಯಾಡಿನಿಂದಾಚೆಗೆ ಟಿವಿಯಲ್ಲಿ ಹರಿಯುವ ಗೆರೆ ಮಾತ್ರ ಲೆಕ್ಕಾಚಾರ. ಆ ಚೆಂಡು ಅಲ್ಲಿಗೆ ಹೋಗಲೇ ಇಲ್ಲ. ಬ್ಯಾಟರ್ ಸ್ಟಂಪಿನಿಂದ ಎಷ್ಟು ಮುಂದೆ ನಿಂತಿದ್ದಾನೋ, ಚೆಂಡು ಪುಟಿದ ಮೇಲೆ ಪ್ಯಾಡಿಗೆ ತಾಗುವ ಮುನ್ನ ಸಾಗಿದ ದೂರ ಎಷ್ಟು ಕಡಿಮೆಯೋ, ಅಷ್ಟೂ ಆ ಊಹೆ ಸಡಿಲ. ಆದ್ದರಿಂದ ನಿಯಮ ಹೀಗಿದೆ: ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪಿಗೆ ತಾಗುತ್ತದೆ ಎಂದು ಯಂತ್ರ ಹೇಳಿದರೆ, ಅಂಗಳದ ಅಂಪೈರ್ ಮೊದಲು ಏನು ಹೇಳಿದ್ದರೋ ಅದೇ ನಿಲ್ಲುತ್ತದೆ. ಒಂದೇ ಚೆಂಡು, ಅಂಪೈರ್ ಬೆರಳೆತ್ತಿದ್ದರೆ ಔಟ್, ಎತ್ತದಿದ್ದರೆ ನಾಟೌಟ್.

2021ರಲ್ಲಿ ಕೊಹ್ಲಿ ಇದನ್ನು ನೇರವಾಗಿಯೇ ಪ್ರಶ್ನಿಸಿದರು. ಸ್ಟಂಪಿಗೆ ಸ್ವಲ್ಪ ತಾಗಿದರೂ ತಾಗಿದ್ದು ತಾಗಿದ್ದೇ, ಅದರಲ್ಲಿ ಶೇಕಡಾವಾರು ಲೆಕ್ಕವೇಕೆ ಎಂಬುದು ಅವರ ವಾದ. ಕೇಳಲು ಚೆನ್ನಾಗಿದೆ, ಗಲ್ಲಿ ಕ್ರಿಕೆಟ್ಟಿನ ನ್ಯಾಯವೂ ಅದೇ. ಆದರೆ ಟಿವಿಯ ಗೆರೆಯನ್ನು ಚೆಂಡೆಂದೇ ನಂಬಿದರೆ ಮಾತ್ರ ಅದು ಸರಿ. ಕುಂಬ್ಳೆ ಸಮಿತಿ ನಂಬಲಿಲ್ಲ. ತಂತ್ರಜ್ಞಾನದಲ್ಲಿ ಊಹೆಯ ಅಂಶವಿದೆ, ಕಣ್ಣಿಗೆ ಹೊಡೆಯುವ ತಪ್ಪನ್ನು ತಿದ್ದುವುದಷ್ಟೇ ಅದರ ಕೆಲಸ ಎಂಬ ನಿಲುವಿಗೆ ಅಂಟಿಕೊಂಡು ಅಂಪೈರ್ಸ್ ಕಾಲ್ ಉಳಿಸಿತು. ಯಂತ್ರ ತನ್ನ ಅನುಮಾನವನ್ನು ಬಚ್ಚಿಡದೆ ಮೈದಾನದ ದೊಡ್ಡ ಪರದೆಯ ಮೇಲೆ ತೋರಿಸುವ, ಆ ಅನುಮಾನದ ಜಾಗದಲ್ಲಿ ಮನುಷ್ಯನಿಗೆ ಅಧಿಕಾರ ಬಿಟ್ಟುಕೊಡುವ ವ್ಯವಸ್ಥೆ ಬೇರೆ ಎಷ್ಟು ಕಡೆ ಇದೆ?

ಮನುಷ್ಯನ ಪಾಲಿನ ಕೆಲಸವೂ ಸುಲಭದ್ದಲ್ಲ. 2019ರ ಆಗಸ್ಟ್ 25ರಂದು ಹೆಡಿಂಗ್ಲಿಯಲ್ಲಿ ಇಂಗ್ಲೆಂಡ್ ಗೆಲುವಿಗೆ ಎರಡೇ ರನ್ ಬೇಕಿದ್ದಾಗ ನೇಥನ್ ಲಯನ್ ಎಸೆತ ಬೆನ್ ಸ್ಟೋಕ್ಸ್ ಪ್ಯಾಡಿಗೆ ತಾಗಿತು. ಅಂಪೈರ್ ನಾಟೌಟ್ ಅಂದರು. ಯಂತ್ರವನ್ನು ಕೇಳಿದ್ದರೆ ಔಟ್. ಕೇಳಲು ಆಸ್ಟ್ರೇಲಿಯಾದ ಬಳಿ ರಿವ್ಯೂ ಉಳಿದಿರಲಿಲ್ಲ. ಹಿಂದಿನ ಓವರಿನಲ್ಲಿ, ಲೆಗ್ ಸ್ಟಂಪಿನ ಆಚೆ ಬಿದ್ದ ಚೆಂಡಿಗೆ ಆಸೆಪಟ್ಟು ಕೊನೆಯದನ್ನೂ ಕಳೆದುಕೊಂಡಿತ್ತು. ಕೈಯಲ್ಲಿ ಸಾಧನವಿದ್ದರೂ ಕೇಳುವ ವಿವೇಕ ಬೇರೆಯೇ.

ನಿಯಮ ತಪ್ಪಿದ್ದೂ ಉಂಟು. ನೆಲಕ್ಕೆ ತಾಗಿತೋ ಇಲ್ಲವೋ ಎಂಬ ಕ್ಯಾಚ್‌ಗಳಿಗೆ ಅಂಗಳದ ಅಂಪೈರ್ ‘ಸಾಫ್ಟ್ ಸಿಗ್ನಲ್’ ಕೊಟ್ಟೇ ಮೂರನೇ ಅಂಪೈರ್‌ಗೆ ಒಪ್ಪಿಸಬೇಕಿತ್ತು. ಎಪ್ಪತ್ತು ಗಜ ದೂರದ ಬೌಂಡರಿಯಲ್ಲಿ ಹಿಡಿದ ಕ್ಯಾಚ್ ಅವರಿಗೆ ಕಾಣುವುದೆಂತು? ಮನುಷ್ಯನಿಗೆ ಗೊತ್ತೇ ಇಲ್ಲದ ಕಡೆ ಅಭಿಪ್ರಾಯ ಹೇಳಿಸಿ, ಆಮೇಲೆ ಅದಕ್ಕೆ ತೂಕ ಕೊಡುವ ಈ ಪದ್ಧತಿಯನ್ನು 2023ರ ಜೂನ್‌ನಲ್ಲಿ ಐಸಿಸಿ ಕೈಬಿಟ್ಟಿತು.

ಟೆನಿಸ್ ಇನ್ನೊಂದು ದಾರಿ ಹಿಡಿಯಿತು. 1877ರಲ್ಲಿ ಶುರುವಾದ ವಿಂಬಲ್ಡನ್‌ನಲ್ಲಿ 2025ರಿಂದ ಲೈನ್ ಅಂಪೈರ್‌ಗಳೇ ಇಲ್ಲ. ಗೆರೆಯ ಕಾವಲೆಲ್ಲ ಕ್ಯಾಮೆರಾಗಳದ್ದು. ಅದೇ ವರ್ಷ ಜುಲೈ 6ರಂದು ಸೆಂಟರ್ ಕೋರ್ಟಿನಲ್ಲಿ ಸೊನೇ ಕಾರ್ಟಲ್ ಹೊಡೆದ ಚೆಂಡು ಗೆರೆಯಾಚೆ ಬಿದ್ದದ್ದು ನೋಡುಗರಿಗೂ ಕಂಡಿತು, ಎದುರಾಳಿ ಅನಸ್ತಾಸಿಯಾ ಪಾವ್ಲ್ಯುಚೆಂಕೋವಾಗೂ ಕಂಡಿತು. ಯಂತ್ರ ಮಾತ್ರ ತುಟಿಪಿಟಿಕ್ ಎನ್ನಲಿಲ್ಲ. ಅಂಗಳದ ಒಂದು ಭಾಗದಲ್ಲಿ ವ್ಯವಸ್ಥೆಯನ್ನು ಯಾರೋ ಕೈತಪ್ಪಿ ಆಫ್ ಮಾಡಿಬಿಟ್ಟಿದ್ದರು. ಎತ್ತರದ ಕುರ್ಚಿಯಲ್ಲಿ ಕೂತ ಅಂಪೈರ್ ಔಟ್ ಎನ್ನುವ ಧೈರ್ಯ ಮಾಡದೆ ಆ ಪಾಯಿಂಟ್ ಮತ್ತೆ ಆಡಿಸಿದರು. ಅದು ಸಿಕ್ಕಿದ್ದರೆ ಪಾವ್ಲ್ಯುಚೆಂಕೋವಾ ಆ ಗೇಮ್ ಗೆಲ್ಲುತ್ತಿದ್ದರು, ಮರು ಆಟದಲ್ಲಿ ಅದು ಕೈಬಿಟ್ಟುಹೋಯಿತು. ಪಂದ್ಯ ಅವರೇ ಗೆದ್ದರೆನ್ನಿ. ಆಮೇಲೆ ಸಂಘಟಕರು ಮಾಡಿದ್ದೇನು? ಸಿಬ್ಬಂದಿ ಕೈಯಿಂದ ಆಫ್ ಮಾಡುವ ಸೌಲಭ್ಯವನ್ನೇ ತೆಗೆದುಹಾಕಿದರು. ಅಂಪೈರ್ ತನ್ನ ಕಣ್ಣನ್ನೇ ನಂಬಲು ಹಿಂಜರಿದದ್ದಕ್ಕೆ ಇದರಲ್ಲಿ ಮದ್ದಿಲ್ಲ.

ಆಟದಲ್ಲಾದರೆ ಒಂದು ಗೇಮ್ ಹೋಗುತ್ತದೆ, ಆಕಾಶದಲ್ಲಿ ಹಾಗಲ್ಲ. 2009ರ ಮೇ 31ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಅಟ್ಲಾಂಟಿಕ್ ಮೇಲೆ ಮಂಜುಗಡ್ಡೆ ಕಟ್ಟಿತು. ವೇಗದ ಲೆಕ್ಕ ಹೊಂದದೆ ಆಟೊಪೈಲಟ್ ಕಳಚಿಕೊಂಡಿತು. ಕ್ಯಾಪ್ಟನ್ ವಿಶ್ರಾಂತಿಯಲ್ಲಿದ್ದರು. ಚುಕ್ಕಾಣಿ ಹಿಡಿದಿದ್ದ ಸಹಪೈಲಟ್ ವಿಮಾನದ ಮೂತಿಯನ್ನು ಮೇಲಕ್ಕೆತ್ತುತ್ತಲೇ ಹೋದರು. ರೆಕ್ಕೆಗಳು ಹಿಡಿತ ಕಳೆದುಕೊಂಡವು. ನಾಲ್ಕು ನಿಮಿಷ ಚಿಲ್ಲರೆಯಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು, 228 ಜನ ಸತ್ತರು. ಫ್ರಾನ್ಸ್‌ನ ತನಿಖಾ ವರದಿಯ ಒಂದು ಸಂಗತಿ ಮೈ ನಡುಗಿಸುವಂಥದ್ದು. ವೇಗ ತೀರಾ ಕುಸಿದಾಗ, ಆ ಅಂಕಿಯನ್ನು ನಂಬಲಾಗದೆಂದು ಎಚ್ಚರಿಕೆಯ ವ್ಯವಸ್ಥೆ ಸುಮ್ಮನಾಗುತ್ತಿತ್ತು. ಮೂತಿ ತಗ್ಗಿಸಿದರೆ, ಅಂದರೆ ಮಾಡಬೇಕಾದ್ದನ್ನೇ ಮಾಡಿದರೆ, ಎಚ್ಚರಿಕೆ ಮತ್ತೆ ಕೂಗುತ್ತಿತ್ತು. ತಪ್ಪು ಮಾಡಿದಾಗ ಮೌನ, ಸರಿ ಮಾಡಿದಾಗ ಬೊಬ್ಬೆ. ಜೊತೆಗಾರ ಹೀಗಾದರೆ ಎಂಥ ನುರಿತವನಿಗೂ ದಿಕ್ಕು ತಪ್ಪುತ್ತದೆ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಇದರ ಬೇರನ್ನು ಗುರುತಿಸಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಅದಕ್ಕಾಗದ ಕಷ್ಟದ ಗಳಿಗೆಯನ್ನು ಮನುಷ್ಯನಿಗೆ ಬಿಡುತ್ತೇವೆ. ದಿನಾ ಕೈಯಾಡಿಸದ ಕಾರಣ ಅಷ್ಟರಲ್ಲಿ ಆತನ ಕೈಚಳಕ ತುಕ್ಕು ಹಿಡಿದಿರುತ್ತದೆ. ನಲವತ್ತು ವರ್ಷದ ಹಿಂದಿನ ಈ ಮಾತನ್ನು ಇಂದು ಚಾಟ್‌ಬಾಟ್‌ನಿಂದ ಕೋಡ್ ಬರೆಸುವ ಬೆಂಗಳೂರಿನ ಕಿರಿಯ ಎಂಜಿನಿಯರ್‌ಗಳ ಮ್ಯಾನೇಜರುಗಳು ಒಮ್ಮೆ ಓದಿಕೊಂಡರೆ ಒಳ್ಳೆಯದು.

ಆಸ್ಪತ್ರೆಗಳಿಂದ ಎರಡು ಸಾಕ್ಷ್ಯ, ಎರಡೂ 2023ರಲ್ಲಿ ಪ್ರಕಟವಾದವು. ಜರ್ಮನಿಯಲ್ಲಿ 27 ರೇಡಿಯಾಲಜಿಸ್ಟ್‌ಗಳ ಮುಂದೆ 50 ಮ್ಯಾಮೊಗ್ರಾಮ್‌ಗಳನ್ನಿಟ್ಟು, ಪ್ರತಿಯೊಂದರ ಜೊತೆಗೂ ಕೃತಕ ಬುದ್ಧಿಮತ್ತೆಯದೆಂದು ಹೇಳಿ ಒಂದು ಸಲಹೆ ಕೊಡಲಾಯಿತು. ಕೆಲವು ಸಲಹೆ ಬೇಕೆಂದೇ ತಪ್ಪು. ಸಲಹೆ ಸರಿಯಿದ್ದಾಗ ತುಂಬ ಅನುಭವವಿದ್ದ ವೈದ್ಯರು ಶೇ 82ರಷ್ಟು ಸರಿಯಾಗಿ ಓದಿದರು, ತಪ್ಪಿದ್ದಾಗ ಶೇ 46ರಷ್ಟು. ಹೊಸಬರು ಶೇ 80ರಿಂದ ಶೇ 20ಕ್ಕೆ ಕುಸಿದರು. ಯಂತ್ರ ಮೊದಲು ಮಾತಾಡಿದರೆ ಮನುಷ್ಯನ ಕಣ್ಣು ಅದರ ಹಿಂದೆಯೇ ಹೋಗುತ್ತದೆ.

ಸ್ವೀಡನ್ನಿನ ಪ್ರಯೋಗ ಬೇರೆ ಕತೆ ಹೇಳುತ್ತದೆ. ಅಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಯ ಪ್ರತಿ ಚಿತ್ರವನ್ನೂ ಇಬ್ಬರು ವೈದ್ಯರು ಓದುವುದು ರೂಢಿ. 80,033 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಯಂತ್ರಕ್ಕೆ ಮೊದಲು ಚಿತ್ರಗಳನ್ನು ವಿಂಗಡಿಸುವ ಕೆಲಸ ಕೊಟ್ಟರು. ಅಪಾಯ ಕಡಿಮೆಯೆಂದು ಕಂಡವನ್ನು ಒಬ್ಬ ವೈದ್ಯರು, ಹೆಚ್ಚೆಂದು ಕಂಡವನ್ನು ಇಬ್ಬರು ಓದಿದರು. ಓದುವ ಹೊರೆ ಶೇ 44ರಷ್ಟು ಇಳಿಯಿತು. ಸಾವಿರಕ್ಕೆ 5.1 ಪತ್ತೆಯಾಗುತ್ತಿದ್ದ ಕ್ಯಾನ್ಸರ್ 6.1ಕ್ಕೆ ಏರಿತು. ಇಲ್ಲಿಯೂ ವೈದ್ಯರು ಯಂತ್ರದ ಗುರುತುಗಳನ್ನು ನೋಡುತ್ತಿದ್ದರು. ಆದರೆ ಅದರ ಮುಖ್ಯ ಪಾತ್ರ ಎಲ್ಲಿ ಎಷ್ಟು ಕಣ್ಣು ಬೇಕೆಂದು ಹೇಳುವುದಾಗಿತ್ತು. ತೀರ್ಪು ವೈದ್ಯರ ಬಳಿಯೇ ಉಳಿಯಿತು.

ಜೊತೆಗೂಡಿದರೆ ಯಾವಾಗಲೂ ಲಾಭ ಎಂಬ ನಂಬಿಕೆಗೆ 2024ರಲ್ಲಿ ಎಂಐಟಿಯ ಸಂಶೋಧಕರು ತಣ್ಣೀರೆರಚಿದರು. 106 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಮನುಷ್ಯ–ಯಂತ್ರ ಜೋಡಿ ಸರಾಸರಿಯಲ್ಲಿ ಇಬ್ಬರ ಪೈಕಿ ಉತ್ತಮರಾದ ಒಬ್ಬರಿಗಿಂತ ಹಿಂದೆ ಬಿದ್ದಿತ್ತು. ಯಂತ್ರಕ್ಕಿಂತ ಮನುಷ್ಯ ಬಲ್ಲವನಾಗಿದ್ದ ಕಡೆ ಜೋಡಿ ಗೆದ್ದಿತ್ತು. ಯಂತ್ರವೇ ಮುಂದಿದ್ದ ಕಡೆ ಮನುಷ್ಯ ಕೈಹಾಕಿ ಕೆಡಿಸಿದ್ದ.

ಹಾಗಾದರೆ ಮನುಷ್ಯ ಸರಿದು ನಿಲ್ಲಲಿ ಎನ್ನಬಹುದೇ? ಚೆಸ್‌ನಲ್ಲಿ ಹೆಚ್ಚುಕಡಿಮೆ ಅದೇ ಆಯಿತು. 1997ರಲ್ಲಿ ಡೀಪ್ ಬ್ಲೂಗೆ ಸೋತ ಗ್ಯಾರಿ ಕ್ಯಾಸ್ಪರೋವ್ ಮರುವರ್ಷ ಸ್ಪೇನ್‌ನ ಲಿಯೋನ್‌ನಲ್ಲಿ ಕಂಪ್ಯೂಟರ್ ಪಕ್ಕದಲ್ಲಿಟ್ಟುಕೊಂಡೇ ಆಡುವ ಪಂದ್ಯ ಶುರುಮಾಡಿದರು. 2005ರಲ್ಲಿ ಇಬ್ಬರು ಹವ್ಯಾಸಿಗಳು ಮೂರು ಕಂಪ್ಯೂಟರ್‌ಗಳೊಂದಿಗೆ ಗ್ರ್ಯಾಂಡ್‌ಮಾಸ್ಟರ್‌ಗಳ ತಂಡಗಳನ್ನು ಮಣಿಸಿದರು. ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಈ ಕತೆ ಇನ್ನೂ ಓಡುತ್ತಿದೆ, ಚೆಸ್ ಮಾತ್ರ ಅದನ್ನು ದಾಟಿ ಹೋಗಿದೆ; ಇಂದಿನ ಎಂಜಿನ್‌ಗೆ ಮನುಷ್ಯ ಹೇಳಿಕೊಡುವುದು ಏನೂ ಉಳಿದಿಲ್ಲವೆನ್ನಬಹುದು. ಆದರೆ ಚೆಸ್ ಹಲಗೆಯ ಮೇಲೆ ಸೋತವನ ಮನೆಯವರು ಬಂದು ಜವಾಬು ಕೇಳುವುದಿಲ್ಲ. ಆಸ್ಪತ್ರೆ, ರಸ್ತೆ, ನ್ಯಾಯಾಲಯಗಳಲ್ಲಿ ಕೇಳುತ್ತಾರೆ.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾದಲ್ಲಿ ಉಬರ್ ಕಂಪನಿಯ ಚಾಲಕರಹಿತ ಪ್ರಯೋಗದ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಸಾಯಿಸಿತು. ಡಿಕ್ಕಿಗೆ 5.6 ಸೆಕೆಂಡ್ ಮುಂಚೆಯೇ ಯಂತ್ರ ಆಕೆಯನ್ನು ಗಮನಿಸಿತ್ತು, ಆದರೆ ವಾಹನವೋ ಸೈಕಲ್ಲೋ ಎಂದು ಗುರುತು ಬದಲಿಸುತ್ತಲೇ ಇತ್ತು. ಎಚ್ಚರಿಕೆಯ ಸದ್ದು ಬಂದದ್ದು 0.2 ಸೆಕೆಂಡ್ ಮುಂಚೆ. ನಿಗಾ ಇಡಲು ಕೂತಿದ್ದ ಉದ್ಯೋಗಿಯ ಕಣ್ಣು ಫೋನಿನಲ್ಲಿತ್ತು. ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು 2019ರಲ್ಲಿ ಸರ್ಕಾರಿ ವಕೀಲರು ಹೇಳಿದರು. ಉದ್ಯೋಗಿ 2023ರಲ್ಲಿ ತಪ್ಪೊಪ್ಪಿಕೊಂಡರು. ಗಂಟೆಗಟ್ಟಲೆ ಸುಮ್ಮನೆ ಕೂರಿಸಿ, ಒಂದು ಸೆಕೆಂಡಿನ ಕಾಲು ಭಾಗವನ್ನೂ ಕೊಡದೆ, ಕೊನೆಗೆ ‘ಮೇಲ್ವಿಚಾರಣೆಗೆ ಮನುಷ್ಯನಿದ್ದನಲ್ಲ’ ಎನ್ನುವುದು ತಂಡದ ಮಾತಲ್ಲ, ತಲೆ ಕೊಡಲು ಒಬ್ಬನನ್ನು ಹುಡುಕಿಟ್ಟಂತೆ. ಫೋನ್ ನೋಡಿದ್ದು ತಪ್ಪೇ. ಹಾಗೆ ನೋಡುವವರೆಗೆ ಬೇಸರ ಹುಟ್ಟಿಸುವ ಕೆಲಸವನ್ನು ರೂಪಿಸಿದವರೂ ಲೆಕ್ಕಕ್ಕೆ ಬರಬೇಕಲ್ಲವೇ?

ಮನುಷ್ಯನೇ ಇಲ್ಲದ ಕಡೆ ಏನಾಗುತ್ತದೆಂದು ಕರ್ನಾಟಕ ಕಂಡಿದೆ. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ನಿಧನರಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಬರೆದ ಸಂತಾಪವನ್ನು ಮೆಟಾ ಕಂಪನಿಯ ಯಂತ್ರ, ಮುಖ್ಯಮಂತ್ರಿಯೇ ತೀರಿಕೊಂಡಂತೆ ಇಂಗ್ಲಿಷ್‌ಗೆ ತಿರುಗಿಸಿತು. ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ಕನ್ನಡ ಬಲ್ಲವರು ಇಂಗ್ಲಿಷ್ ರೂಪ ನೋಡಬೇಕಿಲ್ಲ, ಇಂಗ್ಲಿಷ್ ಓದುವವರಿಗೆ ಮೂಲ ತಿಳಿಯದು. ತಪ್ಪು ಕಾಣುವ ಜಾಗದಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ.

ಯಂತ್ರ ಕೊಳ್ಳುವಾಗ ನಮ್ಮ ಕಚೇರಿಗಳು ಅದರ ವೇಗ, ನಿಖರತೆ, ಬೆಲೆ ಕೇಳುತ್ತವೆ. ಯಂತ್ರಕ್ಕೆ ಅನುಮಾನ ಬಂದಾಗ ಅದು ಯಾರಿಗೆ, ಎಷ್ಟು ಮುಂಚೆ ಹೇಳುತ್ತದೆ, ಅದನ್ನು ತಳ್ಳಿಹಾಕುವ ಅಧಿಕಾರ ಯಾವ ಹುದ್ದೆಯವರದ್ದು, ತಳ್ಳಿಹಾಕಿದವರಿಗೆ ನೋಟಿಸ್ ಬರುತ್ತದೋ ರಕ್ಷಣೆ ಸಿಗುತ್ತದೋ ಎಂಬುದನ್ನೂ ಟೆಂಡರ್ ಕರೆಯುವ ಮುಂಚೆಯೇ ಬರೆದಿಡಲಿ. ರೋಗಿಗಳು, ಕಕ್ಷಿದಾರರು, ಪಿಂಚಣಿಗಾಗಿ ಅರ್ಜಿ ಹಾಕಿದವರು ಅದನ್ನು ಓದಲು ಸಿಗುವಂತೆ ಕನ್ನಡದಲ್ಲಿ ಪ್ರಕಟಿಸಲಿ.