ಪೆಟ್ರೋಲಿಗೊಂದು ಡಬ್ಬಿ, ಡೀಸೆಲಿಗೊಂದು ಡಬ್ಬಿ ಬೇಕೇ?

ಕಳೆದ ವರ್ಷ ಮಳೆ ಹಿಡಿಯುವ ಮೊದಲು ಸುಳ್ಯದಿಂದ ಮಡಿಕೇರಿಗೆ ಬೈಕಿನಲ್ಲಿ ಹೊರಟಿದ್ದೆ. ಸಂಪಾಜೆ ದಾಟಿ ಘಾಟಿ ಏರುವಾಗ ಗಾಡಿಯ ವರಸೆ ಬದಲಾಯಿತು. ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ತಿರುವಿನಲ್ಲಿ ಹಿಂದಿನಿಂದ ಬಸ್ಸು ಬಂದು ಹಾರ್ನ್ ಹೊಡೆದಾಗ ಚರಂಡಿಯ ಅಂಚಿಗೆ ತಳ್ಳಿಕೊಂಡು ಹೋಗಿ ನಿಂತೆ. ಒಂದು ಅಡಿ ಆಚೆ ಹೋಗಿದ್ದರೆ ಈ ಬರಹ ಬೇರೆ ಯಾರಾದರೂ ಬರೆಯಬೇಕಿತ್ತು.

ಊರಿನ ಮೆಕ್ಯಾನಿಕ್ ಕ್ಲಚ್ ಬಿಚ್ಚಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಎಂತ ಆಯಿಲ್ ಹಾಕಿದ್ದು ಮಾರಾಯಾ?"

ಹಾಕಿದ್ದು ಒಳ್ಳೆಯ ಆಯಿಲೇ. ಮಾವನ ಹೊಸ ಪೆಟ್ರೋಲ್ ಕಾರಿಗೆ ತಂದು ಉಳಿದಿದ್ದ, ಸಾಕಷ್ಟು ದುಬಾರಿಯಾದ 5ಡಬ್ಲ್ಯೂ-30. ಅಪ್ಪನ ಲೆಕ್ಕ ಸರಳ: "ಪೆಟ್ರೋಲಿಂದು ಪೆಟ್ರೋಲಿಗೆ, ಡೀಸೆಲಿಂದು ಡೀಸೆಲಿಗೆ. ಇಷ್ಟು ಗೊತ್ತಿದ್ದರೆ ಸಾಕು." ನಾನೂ ಹೌದೆಂದು ನಂಬಿದ್ದೆ. ಕ್ಲಚ್ ಪ್ಲೇಟುಗಳನ್ನು ಹೊಸದಾಗಿ ಹಾಕಿಸಿ ದುಡ್ಡು ಕೊಟ್ಟ ಮೇಲೆ ನಂಬಿಕೆ ಹೋಯಿತು.

ತಮಾಷೆ ಏನೆಂದರೆ, ಅದೇ ವರ್ಷ ತೋಟಕ್ಕೆ ಬೋರ್ಡೋ ಹೊಡೆಯುವ ಪಂಪಿನ ಪೆಟ್ರೋಲ್ ಇಂಜಿನ್ನಿಗೆ ಅವಸರದಲ್ಲಿ ಟಿಲ್ಲರಿನ ಡೀಸೆಲ್ ಆಯಿಲ್ ಹಾಕಿದ್ದೆವು. ಅದಕ್ಕೆ ಏನೂ ಆಗಲಿಲ್ಲ. ಎರಡೂ ಸುತ್ತಿನ ಔಷಧಿ ಹೊಡೆದು ಮುಗಿಸಿತು, ಈಗಲೂ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. "ತಪ್ಪು" ಆಯಿಲ್ ಕುಡಿದ ಇಂಜಿನ್ ಚೆನ್ನಾಗಿದೆ, "ಸರಿ" ಆಯಿಲ್ ಕುಡಿದದ್ದು ಘಾಟಿಯಲ್ಲಿ ಕೈಕೊಟ್ಟಿತು. ಹಾಗಾದರೆ ನಮ್ಮ ವಿಂಗಡಣೆಯಲ್ಲೇ ಏನೋ ದೋಷವಿದೆ.

ಡಬ್ಬಿಯ ಹಿಂಬದಿ ಓದತೊಡಗಿದ್ದು ಆಮೇಲೆ. ಅಲ್ಲಿ ಎಪಿಐ ಎಂದು ಬರೆದಿರುತ್ತದೆ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುರುತು ಅದು. ಅದರ ಪಕ್ಕದಲ್ಲಿ ಎಸ್‌ನಿಂದ ಶುರುವಾಗುವ ಅಕ್ಷರ ಇದ್ದರೆ ಪೆಟ್ರೋಲ್ ಇಂಜಿನ್ನಿಗೆ, ಸಿಯಿಂದ ಶುರುವಾದರೆ ಡೀಸೆಲಿಗೆ. ಎಸ್ ಎಂದರೆ ಸ್ಪಾರ್ಕ್, ಸಿ ಎಂದರೆ ಕಂಪ್ರೆಶನ್ ಎಂದು ನೆನಪಿಟ್ಟುಕೊಳ್ಳಬಹುದು. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು. ಟಿಲ್ಲರಿನ ಡಬ್ಬಿಯಲ್ಲಿ "ಸಿಐ-4/ಎಸ್‌ಎಲ್" ಎಂದಿತ್ತು. ಅಂದರೆ ಆ ಒಂದೇ ಆಯಿಲ್ 2002ರ ಡೀಸೆಲ್ ದರ್ಜೆಗೂ 2001ರ ಪೆಟ್ರೋಲ್ ದರ್ಜೆಗೂ ಹೊಂದುತ್ತದೆ. ನಾವು ಕಣ್ಣು ಮುಚ್ಚಿ ಮಾಡಿದ ತಪ್ಪನ್ನು ಡಬ್ಬಿಯೇ ಮೊದಲೇ ಒಪ್ಪಿಕೊಂಡಿತ್ತು!

ಡೀಸೆಲ್ ಆಯಿಲಿಗೆ ಕೆಲಸ ಹೆಚ್ಚು. ಡೀಸೆಲ್ ಉರಿದಾಗ ಮಸಿ ಜಾಸ್ತಿ. ಆ ಮಸಿ ಒಂದೆಡೆ ಕೂತು ಗಟ್ಟಿಯಾಗದಂತೆ ತನ್ನಲ್ಲೇ ತೇಲಿಸಿಕೊಂಡಿರಬೇಕು, ಇಂಧನದ ಗಂಧಕದಿಂದ ಹುಟ್ಟುವ ಆಮ್ಲವನ್ನೂ ಸಾಯಿಸಬೇಕು. ಅದಕ್ಕಾಗಿ ಅದರಲ್ಲಿ ತೊಳೆಯುವ ರಾಸಾಯನಿಕಗಳ ಪ್ರಮಾಣ ಹೆಚ್ಚಿರುತ್ತದೆ. ಟಿಲ್ಲರಿಗೆ ಹೊಸ ಆಯಿಲ್ ಹಾಕಿ ಒಂದು ದಿನ ಉತ್ತರೆ ಕಪ್ಪಾಯಿತೆಂದು ಅಂಗಡಿಯವನ ಮೇಲೆ ರೇಗುವವರಿದ್ದಾರೆ. ಕಪ್ಪಾಗುವುದೇ ಅದರ ಉದ್ಯೋಗ. ಇಂಥ ಗಟ್ಟಿ ಆಳು ನಮ್ಮ ಔಷಧಿ ಪಂಪಿನಂಥ ಸಣ್ಣ ಪೆಟ್ರೋಲ್ ಇಂಜಿನ್ನಿನಲ್ಲಿ ದುಡಿಯಲಾರನೇ? ಅಲ್ಲಿ ಹಿಡಿಯುವುದು ಅರ್ಧ ಲೀಟರಿನ ಆಸುಪಾಸು, ಫಿಲ್ಟರ್ ಕೂಡ ಇಲ್ಲ. ತಿರುಗುವ ಭಾಗವೊಂದು ಆಯಿಲನ್ನು ಎರಚಿ ಎಲ್ಲೆಡೆ ಮುಟ್ಟಿಸುತ್ತದೆ, ಅಷ್ಟೇ. ಹಳೆಯ ಪೆಟ್ರೋಲ್ ಕಾರಿಗೂ ಇದೇ ಮಾತು. ಆದರೆ ಉಲ್ಟಾ ಮಾಡಬೇಡಿ. ಬರೀ ಎಸ್ ಅಕ್ಷರ ಇರುವ ಪೆಟ್ರೋಲ್ ಆಯಿಲನ್ನು ಟಿಲ್ಲರಿಗೋ ಜೀಪಿಗೋ ಹಾಕಿದರೆ ಆ ಮಸಿಯನ್ನು ಅದು ಹೊರಲಾರದು.

ಆದ್ದರಿಂದ ನನ್ನ ವಾದ ಇದು. ಒಂದು ಟಿಲ್ಲರ್, ಹಳೆಯ ಡೀಸೆಲ್ ಜೀಪು, ಔಷಧಿ ಪಂಪು ಇರುವ ಸಾಧಾರಣ ತೋಟದ ಮನೆಗೆ ಎರಡೂ ಗುರುತಿರುವ ಒಂದೇ 15ಡಬ್ಲ್ಯೂ-40 ಸಾಕು. ಖರ್ಚು ಉಳಿಯುತ್ತದೆ ಎನ್ನುವುದಕ್ಕಿಂತ ತಪ್ಪು ಉಳಿಯುತ್ತದೆ ಎನ್ನುವುದು ನನಗೆ ಮುಖ್ಯ. ನಿಮ್ಮ ಕೊಟ್ಟಿಗೆಯ ಮೂಲೆಯನ್ನು ಒಮ್ಮೆ ನೋಡಿ. ನಮ್ಮಲ್ಲಿ ಅರ್ಧ ಖಾಲಿಯಾದ ಐದು ಡಬ್ಬಿಗಳಿದ್ದವು. ಎರಡರ ಚೀಟಿ ಹರಿದಿತ್ತು, ಒಂದಕ್ಕೆ ಮುಚ್ಚಳದ ಬದಲು ಪ್ಲಾಸ್ಟಿಕ್ ಕಟ್ಟಿತ್ತು. ನಮ್ಮ ಮಳೆಗಾಲದಲ್ಲಿ ಹಾಗೆ ತೆರೆದಿಟ್ಟ ಡಬ್ಬಿಗೆ ತೇವ ಸೇರದೆ ಇರುತ್ತದೆಯೇ? ತೋಟಕ್ಕೆ ಆಳು ಬಂದು ಕಾಯುತ್ತಿರುವಾಗ ಕೈಗೆ ಸಿಕ್ಕಿದ್ದನ್ನು ಸುರಿಯುತ್ತೇವೆ. ಡಬ್ಬಿ ಒಂದೇ ಇದ್ದರೆ ಬೇಗ ಮುಗಿಯುತ್ತದೆ, ಹೊಸತು ಬರುತ್ತದೆ, ಹೊತ್ತಿಗೆ ಸರಿಯಾಗಿ ಬದಲಿಸುವ ಮನಸ್ಸೂ ಬರುತ್ತದೆ. ಇಂಜಿನ್ ಹಾಳಾಗುವುದು ಬ್ರ್ಯಾಂಡ್ ತಪ್ಪಿದ್ದಕ್ಕಿಂತ ಬದಲಿಸುವುದನ್ನು ಮರೆತದ್ದಕ್ಕೇ ಹೆಚ್ಚು ಎಂದು ನನ್ನ ಅನಿಸಿಕೆ.

ಬೈಕ್ ಮಾತ್ರ ಈ ಪಂಕ್ತಿಯಲ್ಲಿ ಕೂರುವುದಿಲ್ಲ. ಗೇರ್ ಇರುವ ಹೆಚ್ಚಿನ ಬೈಕುಗಳಲ್ಲಿ ಇಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಹೊಸ ಕಾರಿನ ತೆಳು ಆಯಿಲಿನಲ್ಲಿ ಮೈಲೇಜ್ ಹೆಚ್ಚಿಸಲೆಂದು ಉಜ್ಜಾಟ ತಗ್ಗಿಸುವ ಅಂಶ ಸೇರಿಸಿರುತ್ತಾರೆ. ಇಂಜಿನ್ನಿಗೆ ಅದು ಒಳ್ಳೆಯದೇ, ಆದರೆ ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯಬೇಕಾದದ್ದೇ ಉಜ್ಜಾಟದಿಂದ. ಜಾರಿದರೆ ಘಾಟಿಯಲ್ಲಿ ನನಗಾದದ್ದೇ ಆಗುವುದು. ಜಪಾನಿನವರು ಇದಕ್ಕೆಂದೇ 1998ರಲ್ಲಿ ಜಾಸೊ ಎನ್ನುವ ಮಾನದಂಡ ತಂದರು. ಬೈಕಿನ ಡಬ್ಬಿಯಲ್ಲಿ "ಜಾಸೊ ಎಂಎ" ಅಥವಾ "ಎಂಎ2" ಇರಬೇಕು. "ಎಂಬಿ" ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿಗೆ. ಅಮೆರಿಕದಲ್ಲಿ ಶೆಲ್ ಕಂಪನಿಯ ರೊಟೆಲ್ಲಾ ಎಂಬ ಲಾರಿ ಆಯಿಲನ್ನು ಬೈಕಿಗೆ ಹಾಕುವವರು ಬಹಳ ಮಂದಿ. ಹಾಕುವುದು ಸುಮ್ಮನೆ ಅಲ್ಲ, ಅದರ ಕೆಲವು ಡಬ್ಬಿಗಳಲ್ಲಿ ಜಾಸೊ ಗುರುತೂ ಇದೆ. ಬೈಕಿಗೆ ಕೇಳಬೇಕಾದ ಪ್ರಶ್ನೆ ಪೆಟ್ರೋಲೋ ಡೀಸೆಲೋ ಎಂದಲ್ಲ, ಕ್ಲಚ್ ಇದರಲ್ಲಿ ಮುಳುಗುತ್ತದೆಯೇ ಎಂದು.

ಹುಲ್ಲು ಕತ್ತರಿಸುವ ಮೆಷಿನ್ ಎರಡು ಸ್ಟ್ರೋಕಿನದ್ದಾದರೆ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲೇ ಬೇಕು, ಅದರಲ್ಲಿ ಚರ್ಚೆ ಇಲ್ಲ. ಹೊಸ ಗಾಡಿಗಳಿಗೂ ನನ್ನ ವಾದ ಅನ್ವಯಿಸುವುದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಳೆಯ ದರ್ಜೆಯ ಆಯಿಲ್ ಉರಿದು ಉಳಿಸುವ ಬೂದಿ ಅದನ್ನು ಕಟ್ಟಿಸುತ್ತದೆ. ಟರ್ಬೊ ಇರುವ ಹೊಸ ಪೆಟ್ರೋಲ್ ಕಾರಿಗೂ ಅದರದ್ದೇ ಕಟ್ಟಳೆ ಇದೆ. ವಾರಂಟಿ ಇರುವಷ್ಟು ದಿನ ಕಂಪನಿಯ ಪುಸ್ತಕ ಹೇಳಿದ್ದನ್ನು ಹಾಕಿ, ಟಿಲ್ಲರಿಗೂ ಅಷ್ಟೇ.

ಇಷ್ಟನ್ನು ತಿಳಿಯಲು ನನಗೆ ಕ್ಲಚ್ ಸುಟ್ಟುಕೊಳ್ಳಬೇಕಾಯಿತು. ಪತ್ರಿಕೋದ್ಯಮ ಓದಿ ಸಾಲು ಸಾಲು ಸರ್ಕಾರಿ ಆದೇಶ ಬಿಡಿಸಿ ಬರೆದವನು ಮನೆಯ ಡಬ್ಬಿ ತಿರುಗಿಸಿ ನೋಡಿರಲಿಲ್ಲ. ಅಪ್ಪನನ್ನಂತೂ ದೂರುವ ಹಾಗಿಲ್ಲ. ಡಬ್ಬಿಯ ಮುಂದೆ ಹುಲಿಯ ವೇಗದ, ಸಿಡಿಲಿನ ಚಿತ್ರ. ಬೇಕಾದ ಅಕ್ಷರಗಳು ಹಿಂದೆ, ಇರುವೆ ಸಾಲಿನಂತೆ, ಇಂಗ್ಲಿಷಿನಲ್ಲಿ. ಪೊಟ್ಟಣ ಸರಕುಗಳ 2011ರ ನಿಯಮದಲ್ಲಿ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಬೇಕಿದ್ದರೆ ಸೇರಿಸಬಹುದು. ಬೇಕಿದ್ದರೆ ಎಂದರೆ ಯಾರಿಗೆ ಬೇಕು? ಕೀಟನಾಶಕದ ಪೊಟ್ಟಣದೊಳಗೆ ಹಲವು ಭಾಷೆಗಳ ಚೀಟಿ ಮಡಚಿ ಇಡಲು ಆಗುವುದಾದರೆ ಆಯಿಲ್ ಡಬ್ಬಿಯ ಮೇಲೆ "ಡೀಸೆಲ್, ಪೆಟ್ರೋಲ್ ಎರಡಕ್ಕೂ ಆದೀತು, ಬೈಕಿಗೆ ಬೇಡ" ಎಂಬ ಒಂದು ಸಾಲು ಕನ್ನಡದಲ್ಲಿ ಯಾಕೆ ಆಗುವುದಿಲ್ಲ? ತೋಟದ ಯಂತ್ರ ಸಬ್ಸಿಡಿಯಲ್ಲಿ ಕೊಡುವಾಗ ಇಲಾಖೆಯವರು ಫೋಟೋ ತೆಗೆಸುತ್ತಾರಲ್ಲ, ಆ ಹೊತ್ತಿನಲ್ಲಿ ಇಷ್ಟು ಹೇಳಿಕೊಟ್ಟರೂ ಆಗುತ್ತಿತ್ತು.

ಅಲ್ಲಿಯವರೆಗೆ ನಾವೇ ಮಾಡಿಕೊಂಡ ವ್ಯವಸ್ಥೆ ಇದೆ. ಅಪ್ಪ ಐದು ಲೀಟರಿನ ಡಬ್ಬಿಯ ಮೇಲೆ ಬಿಳಿ ಪೇಂಟಿನಲ್ಲಿ "ಟಿಲ್ಲರ್, ಜೀಪು, ಪಂಪು" ಎಂದು ಬರೆದಿದ್ದಾರೆ. ಕೆಳಗೆ ಇನ್ನೂ ದಪ್ಪಗೆ, "ಬೈಕಿಗೆ ಅಲ್ಲ". ಬೈಕಿನ ಒಂದು ಲೀಟರ್ ಈಗ ಕೊಟ್ಟಿಗೆಗೆ ಬರುವುದೇ ಇಲ್ಲ, ನನ್ನ ಕೋಣೆಯ ಕಪಾಟಿನಲ್ಲಿ ಪುಸ್ತಕಗಳ ಪಕ್ಕ ಕೂತಿದೆ.