‘ಗೃಹಭಂಗ’ ಓದದವರ ಭೈರಪ್ಪ ಜಗಳ

ತಿಪಟೂರು, ತುರುವೇಕೆರೆ ಕಡೆ ಕಾದಂಬರಿ ಮಾತು ಶುರುವಾದರೆ ಭೈರಪ್ಪ ಬಂದೇ ಬರುತ್ತಾರೆ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಎರಡೇ ನಿಮಿಷಕ್ಕೆ ‘ಆವರಣ’ದ ಪರ-ವಿರೋಧದ ಜಗಳ. ನಮ್ಮ ತಕರಾರು ಅದಕ್ಕೇ.

1970ರ ‘ಗೃಹಭಂಗ’ ನಮ್ಮದೇ ಸೀಮೆಯ ಕಥೆ. ಶ್ಯಾನುಭೋಗ ಗಂಡ ಚೆನ್ನಿಗರಾಯ ಉಂಡು ಮಲಗುತ್ತಾನೆ, ಲೆಕ್ಕ ಬರೆಯುವವಳು ನಂಜಮ್ಮ. ಅಟ್ಟದ ಕೊಬ್ಬರಿ ಕಾಯ್ದವಳು ಮನೆಯಾಕೆ, ಬಿಲ್ಲು ಯಜಮಾನರ ಹೆಸರಿಗೆ ಅನ್ನೋದು ಇವತ್ತಿಗೂ ಇದೆಯಲ್ಲ!

“ಅದು ಬರೀ ಗೋಳು, ‘ಕರ್ವಾಲೊ’ದ ಹಾರುವ ಓತಿಯೇ ಮಜಾ” ಅನ್ನೋ ಹುಡುಗರೇ, ಓತಿ ಹುಡುಕಿ ಹೋಗಿ, ಬೇಡ ಅನ್ನಲ್ಲ. ಪ್ಲೇಗು ಊರು ಖಾಲಿ ಮಾಡಿಸುವ ಪುಟಗಳನ್ನೂ ಓದಿ. ಆಮೇಲೆ ಮನೆಯ ಹೆಂಗಸರನ್ನು ಕೇಳಿ, ನಂಜಮ್ಮ ಅಷ್ಟೆಲ್ಲ ಸಹಿಸಬೇಕಿತ್ತಾ ಅಂತ. ನಮ್ಮ ಅರಳಿಕಟ್ಟೆ ಚರ್ಚೆಯಲ್ಲಿ ಅವರ ದನಿ ಇನ್ನೂ ಕೇಳಿಸಿಲ್ಲ.