ಹಂಗಂತ ಯಾರ್ ಹೇಳಿದ್ರವ್ವಾ?

ಸೋಮವಾರ ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಅರ್ಧ ತಾಸು ನಿಂತಿದ್ದೆ. ನನ್ನ ಮುಂದೆ ಬಿ.ಎ. ಓದುವ ಹುಡುಗಿ ಪ್ರಾಜೆಕ್ಟಿಗೆ ಸ್ಪೈರಲ್ ಹಾಕಿಸುತ್ತಿದ್ದಳು. ಜಾಗತೀಕರಣ ಮತ್ತು ಭಾರತದ ವಿದೇಶಾಂಗ ನೀತಿ, 40 ಪುಟ. ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಇದ್ದದ್ದು. ಹೆಸರು, ರಿಜಿಸ್ಟರ್ ನಂಬರ್ ಬದಲಿಸಿದರೆ ಮುಗಿಯಿತು. ಸಂಶೋಧನಾ ವಿಧಾನದ ಪುಟದಲ್ಲಿ ಒಂದೇ ಸಾಲು: ದ್ವಿತೀಯಕ ಆಕರಗಳನ್ನು ಬಳಸಲಾಗಿದೆ. ಸಿಟ್ಟು ಬಂತು, ಹುಡುಗಿಯ ಮೇಲಲ್ಲ.

ಊರು ಕೇಳಿದೆ. ತಿಕೋಟಾ ಕಡೆ, ಮನೆಯಲ್ಲಿ ದ್ರಾಕ್ಷಿ ತೋಟ. ಒಣದ್ರಾಕ್ಷಿ ರೇಟ್ ಹೆಂಗೈತಿ ಅಂದೆ.

“ಬಿದ್ದೈತ್ರಿ. ಅಫ್ಘಾನಿಸ್ತಾನದ ಮಾಲ್ ಬಂದೈತಂತ.”

“ಹಂಗಂತ ಯಾರ್ ಹೇಳಿದ್ರವ್ವಾ?”

“ಸಾಂಗ್ಲಿ ದಲಾಲ್ರು ಅಪ್ಪಗ ಹೇಳ್ಯಾರ್ರಿ.”

ಪಾಠ ಇಲ್ಲಿಂದ ಶುರುವಾಗಬೇಕಿತ್ತು. ದಲಾಲರ ಮಾತು ನಿಜವಿರಬಹುದು. ರೈತ ಮಾಲು ಬೇಗ ಬಿಡಲಿ ಎಂದು ಆಡಿದ್ದೂ ಇರಬಹುದು. ಆಮದಿನ ಲೆಕ್ಕ ದೇಶವಾರು ಕೇಂದ್ರ ವಾಣಿಜ್ಯ ಸಚಿವಾಲಯದಲ್ಲಿ ಸಿಗುತ್ತದೆ, ಒಣದ್ರಾಕ್ಷಿಯ ಕೋಡ್ 080620. ಸಾರ್ಕ್ ದೇಶಗಳ ನಡುವೆ 2006ರಲ್ಲಿ ಜಾರಿಯಾದ ಸಾಫ್ಟಾ ಒಪ್ಪಂದ ಸುಂಕದ ಬಗ್ಗೆ ಏನು ಹೇಳುತ್ತದೆ, ಓದಬೇಕು. ಆಮೇಲೆ ತಿಕೋಟಾ, ಬಬಲೇಶ್ವರದ ಹತ್ತು ಶೆಡ್ಡಿಗೆ ಹೋಗಿ ಕೇಳಿ ಬರೆದುಕೊಳ್ಳಬೇಕು: ಯಾವ ವಾರ ಮಾರಿದಿರಿ, ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ಉಳಿದಿದೆ, ಮಾಲಿನ ಬಣ್ಣ ಕೆಟ್ಟಿತ್ತೇ? ಆಮದು ಏರದ ತಿಂಗಳಲ್ಲೂ ರೇಟು ಬಿದ್ದಿದ್ದರೆ ಕಾರಣವನ್ನು ಕಾಬೂಲಿನಲ್ಲಿ ಹುಡುಕಿ ಫಲವಿಲ್ಲ. ಗೈಡ್ ಪುಸ್ತಕದಿಂದ ಬಾಯಿಪಾಠ ಮಾಡಿಸುವ ‘ಪ್ರಾಕ್ಕಲ್ಪನೆ’ಯನ್ನು ಪರೀಕ್ಷಿಸುವುದು ಅಂದರೆ ಇದೇ.

ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಈ ಊರಿನ ಮಕ್ಕಳಿಗೆ ಅಂತರರಾಷ್ಟ್ರೀಯ ಸಂಬಂಧಗಳನ್ನು ದಿಲ್ಲಿಯಿಂದ ಶುರು ಮಾಡಬಾರದು. ಇದೇ ರಸ್ತೆಯ ಗೋಳಗುಮ್ಮಟ ಪೂರ್ಣಗೊಳ್ಳುವುದಕ್ಕೆ ಅರ್ಧ ಶತಮಾನ ಮೊದಲು, 1604ರ ಸುಮಾರಿಗೆ, ಅಕ್ಬರನ ದೂತ ಅಸದ್ ಬೇಗ್ ಎರಡನೇ ಇಬ್ರಾಹಿಂ ಆದಿಲ್‌ಶಾಹನ ದರ್ಬಾರಿಗೆ ಬಂದಿದ್ದ. ತಂಬಾಕನ್ನು ಇಲ್ಲಿಯೇ ಮೊದಲು ಕಂಡು ಅಕ್ಬರನಿಗೆ ಒಯ್ದು ಕೊಟ್ಟ, ಆ ಸಂಗತಿಯನ್ನು ಬರೆದಿಟ್ಟ. ಅಮೆರಿಕದ ಸೊಪ್ಪು, ಪೋರ್ಚುಗೀಸರ ಹಡಗು, ಆದಿಲ್‌ಶಾಹಿ ಪೇಟೆ, ಮೊಗಲ್ ದರ್ಬಾರು, ಎಲ್ಲ ಆ ಒಂದು ಬರಹದ ಹಿಂದಿವೆ. ಆದರೆ ಬರೆದವನು ಅಕ್ಬರನ ನೌಕರ. ಒಡೆಯನ ಮೆಚ್ಚುಗೆ ಬೇಕಿದ್ದವನು ಯಾವುದನ್ನು ಹೇಳದೆ ಬಿಟ್ಟಿರಬಹುದು? ದಲಾಲರ ಮಾತಿಗೆ ಕೇಳಿದ ಪ್ರಶ್ನೆಯನ್ನೇ ಇವನಿಗೂ ಕೇಳಬೇಕು.

ರಾಜ್ಯದಲ್ಲಿ ಪದವಿ ನಾಲ್ಕು ವರ್ಷ ಎಂದು 2021ರಲ್ಲಿ, ಮೂರೇ ಸಾಕು ಎಂದು 2024ರಲ್ಲಿ ಆದೇಶ ಬಂತು. ಆ ವರ್ಷಗಳಲ್ಲಿ ಏನು ಕಲಿಸಬೇಕೆಂದು ಇಷ್ಟೇ ಗಟ್ಟಿಯಾಗಿ ಜಗಳವಾಡಿದವರು ನನಗೆ ಕಾಣಲಿಲ್ಲ.

ಮರುದಿನವೇ ಕೊನೆಯ ದಿನ, ಹುಡುಗಿ ಆ 40 ಪುಟಗಳನ್ನೇ ಹಿಡಿದು ಬಸ್ಸಿಗೆ ಓಡಿದಳು. ಒಂದು ಪ್ರಶ್ನೆಯನ್ನೂ ಕೇಳದೆ ಅದಕ್ಕೆ ಸಹಿ ಹಾಕುವವರು ಆಕೆಯಿಂದ ಕದಿಯುತ್ತಿದ್ದಾರೆ.